ಬೆಂಗಳೂರಿನ ಮಕ್ಕಳಿಗಾಗಿ ಹಣ ಕಳಿಸುವ ಮೊದಲು

ಬೆಂಗಳೂರಿಗೆ ಒಬ್ಬರನ್ನಾದರೂ ಕಳಿಸದ ಮನೆ ಅಂಕೋಲೆಯಲ್ಲಿ ಈಗ ಅಪರೂಪ. ಮಕ್ಕಳು ಅಲ್ಲಿದ್ದಾರೆಂದ ಮೇಲೆ ಅಲ್ಲಿನ ದಾನದ ಕೋರಿಕೆಗಳೂ ನಮ್ಮ ಮೊಬೈಲಿಗೆ ಬರುತ್ತವೆ. ಕೊಳೆಗೇರಿಯ ಮಗು, ಕೈಯಲ್ಲಿ ಖಾಲಿ ತಟ್ಟೆ, ಕೆಳಗೊಂದು ಕ್ಯೂಆರ್ ಕೋಡ್. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ಮೇಲೆ ಪಿಂಚಣಿಯ ಒಂದು ಭಾಗವನ್ನು ಇಂಥ ಕೆಲಸಗಳಿಗೆ ಕೊಡುತ್ತಾ ಬಂದಿದ್ದೇನೆ. ಮಗನ ಮನೆಗೆ ಹೋದಾಗಲೆಲ್ಲ ಬಿಡುವು ಮಾಡಿಕೊಂಡು ಅವುಗಳನ್ನು ಕಣ್ಣಾರೆ ನೋಡಿ ಬರುತ್ತೇನೆ. ‘ಅಕ್ಕೋರೇ, ಯಾವುದಕ್ಕೆ ಕೊಡಬಹುದು?’ ಎಂದು ಹಳೆಯ ವಿದ್ಯಾರ್ಥಿಗಳ ತಾಯಂದಿರು ಕೇಳುತ್ತಲೇ ಇರುವುದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಮೊದಲು ನೋಡುವುದು ಒಂದನ್ನೇ: ಮಗುವಿನ ಹಿಂದೆ ಇರುವ ಅಪ್ಪ ಅಮ್ಮ ಆ ಸಂಸ್ಥೆಯ ಕಣ್ಣಿಗೆ ಬೀಳುತ್ತಾರೆಯೇ?

ಇದು ನನ್ನ ಮನಸ್ಸಿಗೆ ಬಂದದ್ದು ಒಂದು ದೂರವಾಣಿ ಕರೆಯಿಂದ. ನಾನು ಇನ್ನೂ ಕೆಲಸದಲ್ಲಿದ್ದಾಗ ಎಂಟನೇ ತರಗತಿಯ ಹುಡುಗನೊಬ್ಬ ಮನೆ ಬಿಟ್ಟು ರೈಲು ಹತ್ತಿದ್ದ. ತಂದೆ ಬೇಲೇಕೇರಿಯಲ್ಲಿ ಬೋಟಿಗೆ ಹೋಗುವವನು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮನೆಗೆ ದುಡಿಮೆಯಿಲ್ಲ, ದಿನವೂ ಜಗಳ. ಬೆಂಗಳೂರಿನ ನಿಲ್ದಾಣದಲ್ಲಿ ಮಕ್ಕಳಿಗಾಗಿ ದುಡಿಯುವ ಸಂಸ್ಥೆಯೊಂದರ ಕಾರ್ಯಕರ್ತೆ ಶಾಲೆಗೆ ಫೋನ್ ಮಾಡಿದರು. ಹುಡುಗ ಸಿಕ್ಕಿದ್ದಾನೆ ಎಂದು ಹೇಳಿ ಅಷ್ಟಕ್ಕೇ ಬಿಡಲಿಲ್ಲ. ನಿಷೇಧದ ತಿಂಗಳುಗಳಲ್ಲಿ ಆ ಮನೆ ಹೇಗೆ ನಡೆಯುತ್ತದೆ, ಅಪ್ಪ ಹೊಡೆಯುತ್ತಾನೆಯೇ, ಊರಿನಲ್ಲಿ ಹುಡುಗ ನಂಬುವ ಹಿರಿಯರು ಯಾರಿದ್ದಾರೆ, ಮರಳಿ ಬಂದರೆ ತರಗತಿಯಲ್ಲಿ ಅವನನ್ನು ಯಾರೂ ಹಂಗಿಸದಂತೆ ನೋಡಿಕೊಳ್ಳುತ್ತೀರಾ ಎಂದು ಒಂದೊಂದಾಗಿ ಕೇಳಿದರು. ಇಂಥ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಹುಡುಗ ಮನೆಗೆ ಬಂದ. ದೀಪಾವಳಿಯ ಹೊತ್ತಿಗೆ ಅದೇ ಕಾರ್ಯಕರ್ತೆ ಮತ್ತೆ ಫೋನ್ ಮಾಡಿ ಅವನ ಹಾಜರಿ ವಿಚಾರಿಸಿದರು. ಆ ಎರಡನೆಯ ಕರೆಗೆ ಯಾವ ದಾನಿಯೂ ರಸೀದಿ ಕೇಳುವುದಿಲ್ಲ. ನನ್ನ ಮಟ್ಟಿಗೆ ಒಂದು ಸಂಸ್ಥೆಯ ಯೋಗ್ಯತೆ ತಿಳಿಯುವುದು ಅಲ್ಲಿಯೇ.

ಬೆಂಗಳೂರಿನಲ್ಲಿ ಬೀದಿಪಾಲಾದ ಮಕ್ಕಳ ನಡುವೆ ಬಹಳ ಹಿಂದಿನಿಂದ ಇರುವುದು ಬೆಂಗಳೂರು ಓಣಿಯವರ ಸೇವಾ ಕೂಟ. ಬಾಸ್ಕೊ ಎಂದರೆ ಎಲ್ಲರಿಗೂ ಗೊತ್ತು. ಸಲೇಷಿಯನ್ ಎಂಬ ಕ್ಯಾಥೊಲಿಕ್ ಧರ್ಮಸಭೆಯವರು ಈ ಕೆಲಸವನ್ನು 1980ರಲ್ಲಿ ಆರಂಭಿಸಿದರು. ಮಕ್ಕಳ ಸಹಾಯವಾಣಿ 1098 ಹುಟ್ಟಿದ್ದು 1996ರಲ್ಲಿ ಮುಂಬಯಿಯಲ್ಲಿ. ಈಗ ಅದು ಸರ್ಕಾರದ ಕೈಯಲ್ಲಿದೆ. ಮನೆಯಿಂದ ತಪ್ಪಿಸಿಕೊಂಡ ಮಗುವನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ‘ನಾವೇ ಮಗುವನ್ನು ಇಟ್ಟುಕೊಂಡು ಸಾಕುತ್ತೇವೆ’ ಎನ್ನುವವರು ಎದುರಾದರೆ ಆ ಕಾಯ್ದೆಯ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಸರಿಯಾದವರು ಬೇಸರಿಸಿಕೊಳ್ಳುವುದಿಲ್ಲ, ತೆಗೆದು ತೋರಿಸುತ್ತಾರೆ.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾದದ್ದು ವರ್ತೂರಿನ ಕಡೆ ನೋಡಿದ ಒಂದು ಶಿಶುಪಾಲನಾ ಕೇಂದ್ರ. ಕಟ್ಟಡ ಮುಗಿದೊಡನೆ ಜಾಗ ಬದಲಿಸುವ ಚಿಕ್ಕ ಸಂಸ್ಥೆ ಅದು, ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಬಹುಮಹಡಿ ಕಟ್ಟಡದ ಬುಡದಲ್ಲಿ ತಗಡಿನ ಶೆಡ್ಡು, ಒಳಗೆ ಸೀರೆಯ ಜೋಲಿಗಳು, ಗೋಡೆಯ ಮೇಲೆ ಪ್ರತಿ ಮಗುವಿನ ತೂಕದ ಪಟ್ಟಿ. ತಾಯಂದಿರು ಹೆಚ್ಚಾಗಿ ಯಾದಗಿರಿ, ರಾಯಚೂರು ಕಡೆಯವರು. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಹೆಸರುಬೇಳೆ ಹಾಕಿದ ಮೆತ್ತಗಿನ ಅನ್ನ, ಸಂಜೆ ಮೊಟ್ಟೆ. ತೂಕ ಏರದ ಮಗುವಿನ ತಾಯಿಯನ್ನು ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಮಾತಾಡುತ್ತಿದ್ದ ಆಯಾ ನಮ್ಮ ಅಂಗನವಾಡಿ ಕಾರ್ಯಕರ್ತೆಯರಷ್ಟೇ ಅನುಭವಸ್ಥೆ. ಮೊದಲು ಕೇಂದ್ರ ಐದು ಗಂಟೆಗೇ ಮುಚ್ಚುತ್ತಿತ್ತಂತೆ. ಕೆಲಸ ಬಿಡುವುದು ಆರಕ್ಕೆ, ನಾವೇನು ಮಾಡಬೇಕು ಎಂದು ತಾಯಂದಿರು ಕೇಳಿದ ಮೇಲೆ ಆರೂವರೆಯವರೆಗೂ ತೆರೆದಿಡುತ್ತಿದ್ದಾರೆ.

ಅಲ್ಲಿ ಕುಳಿತಿದ್ದಾಗ ಆಯಾ ಹೇಳಿದ ಒಂದು ಮಾತನ್ನು ಶಿಕ್ಷಣ ಇಲಾಖೆಯ ಪ್ರತಿ ಸಭೆಯಲ್ಲೂ ಹೇಳಬೇಕು. ಕೇಂದ್ರ ಬರುವ ಮುಂಚೆ ಎಂಟು ವರ್ಷದ ಹೆಣ್ಣುಮಕ್ಕಳು ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ಮರಳಿನ ರಾಶಿಯ ಬಳಿ ಇಡೀ ದಿನ ಕಳೆಯುತ್ತಿದ್ದರು. ಕೂಸು ಜೋಲಿಗೆ ಬಂದ ಮೇಲೆ ಅಕ್ಕ ಶಾಲೆಗೆ ಹೋದಳು. ಶಾಲೆ ಬಿಟ್ಟ ಮಕ್ಕಳ ಪಟ್ಟಿ ತಯಾರಿಸುವುದರಲ್ಲಿಯೇ ನನ್ನ ನೌಕರಿಯ ಎಷ್ಟೋ ಸಂಜೆಗಳು ಕಳೆದವು. ಆ ನಮೂನೆಯಲ್ಲಿ ‘ಮನೆಯಲ್ಲಿ ಕೂಸು ಇದೆಯೇ?’ ಎಂಬ ಅಂಕಣವೇ ಇರಲಿಲ್ಲ! ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಟ್ಟಡದ ಕೆಲಸದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಕೊಠಡಿ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೆ ಗುತ್ತಿಗೆದಾರರು ಕೊಡುವುದು ತಗಡಿನ ಶೆಡ್ಡು, ಏಪ್ರಿಲ್‌ನಲ್ಲಿ ಅದರೊಳಗೆ ಕೂಸುಗಳು ಬೆವರಿನಲ್ಲಿ ತೊಯ್ದು ಮಲಗಿರುತ್ತವೆ. ನಾನು ಕಳೆದ ಬಾರಿ ಕೊಟ್ಟ ಹಣ ಆ ಛಾವಣಿಯ ಮೇಲೆ ಹಾಸುವ ತೆಂಗಿನ ಗರಿಗೆ ಮತ್ತು ಒಂದು ಫ್ಯಾನಿಗೆ ಹೋಯಿತು.

ಊಟದ ವಿಷಯಕ್ಕೆ ಬಂದರೆ ಎಲ್ಲರೂ ಹೇಳುವ ಹೆಸರು ಅಕ್ಷಯ ಪಾತ್ರ. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1500 ಮಕ್ಕಳಿಂದ ಶುರುವಾದ ಕೆಲಸ ಇಂದು ದೇಶದ ಹಲವು ರಾಜ್ಯಗಳಲ್ಲಿದೆ. ಹುಬ್ಬಳ್ಳಿಯಲ್ಲಿಯೂ ಅವರ ದೊಡ್ಡ ಅಡುಗೆಮನೆ ಇದೆ. ಅಷ್ಟು ಜನರಿಗೆ ಹೊತ್ತಿಗೆ ಸರಿಯಾಗಿ ಬಿಸಿ ಊಟ ತಲುಪಿಸುವ ಶಿಸ್ತು ಸಣ್ಣದಲ್ಲ. ಶಾಲೆಯಲ್ಲಿ ಬಿಸಿಯೂಟ ನಡೆಸಿದವಳಾಗಿ ಅದರ ಕಷ್ಟ ನನಗೆ ಗೊತ್ತು. ಆದರೆ ಅವರ ಅಡುಗೆಯಲ್ಲಿ ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬಂಗುಡೆ, ತಾರ್ಲೆ ತಿಂದು ಬೆಳೆಯುವ ಮಕ್ಕಳಿಗೆ ಪಾಠ ಹೇಳಿದವಳು ನಾನು. ಬಡ ಮಗುವಿನ ತಟ್ಟೆಗೆ ಮೊಟ್ಟೆ ಬೇಕು ಎನ್ನುವುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಗಳಿಗೆ ಸುಮಾರು 1500 ಕೋಟಿ ರೂಪಾಯಿ ಕೊಡಲು ಒಪ್ಪಿ, ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವಂತಾದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ತಿನ್ನದವರಿಗೆ ಬಾಳೆಹಣ್ಣು ಇದ್ದೇ ಇದೆ.

ಪರಿಕ್ರಮ ಬೇರೆ ಬಗೆಯದು. ಶುಕ್ಲಾ ಬೋಸ್ ಅವರು 2003ರಲ್ಲಿ ಬೆಂಗಳೂರಿನ ರಾಜೇಂದ್ರನಗರದ ಕೊಳೆಗೇರಿಯಲ್ಲಿ 165 ಮಕ್ಕಳೊಂದಿಗೆ ಆರಂಭಿಸಿದ ಶಾಲೆ. ಮೊದಲು ಅದು ನಡೆದದ್ದು ಕಟ್ಟಡವೊಂದರ ಮೇಲೆ, ಅರ್ಧಕ್ಕೆ ಮಾತ್ರ ತಗಡು ಹೊದಿಸಿದ ತಾರಸಿಯಲ್ಲಿ. ಜೂನ್ ಮಳೆ ಬಂದಾಗ ಮಕ್ಕಳು, ಶಿಕ್ಷಕರು ಎಲ್ಲರೂ ಆ ಅರ್ಧದ ಕೆಳಗೇ ಒತ್ತಿಕೊಂಡು ನಿಲ್ಲುತ್ತಿದ್ದರಂತೆ. ಓದಿನ ಜೊತೆಗೆ ಊಟ, ಆರೋಗ್ಯ, ಮನೆಯವರ ಆರೈಕೆ ಇವೆಲ್ಲವೂ ಒಟ್ಟಿಗೇ ಸಾಗಬೇಕೆಂಬುದು ಅವರ ಕ್ರಮ. ಅದಕ್ಕಾಗಿ ನನ್ನ ಗೌರವವಿದೆ. ಕನ್ನಡ ಮಾಧ್ಯಮದಲ್ಲಿ ಆಯುಷ್ಯ ಕಳೆದ ನನಗೆ ಆಂಗ್ಲ ಮಾಧ್ಯಮದ ಆಯ್ಕೆ ನೋವು ತರುತ್ತದೆ, ಆದರೆ ಆ ತಾಯಂದಿರು ಕೇಳುವುದೂ ಅದನ್ನೇ.

ಈಗ ನನಗೆ ಸಿಟ್ಟು ತರಿಸಿದ ವಿಷಯ. ಹೆಸರು ಬೇಡ. ‘ಒಂದು ಮಗುವನ್ನು ದತ್ತು ತೆಗೆದುಕೊಂಡಂತೆ ಪ್ರಾಯೋಜಿಸಿ’ ಎನ್ನುವ ಸಂಸ್ಥೆಯೊಂದು ನನಗೆ ಹನ್ನೊಂದು ವರ್ಷದ ಹುಡುಗಿಯ ಫೋಟೊ, ಪೂರ್ತಿ ಹೆಸರು, ಶಾಲೆಯ ಹೆಸರು, ಅಪ್ಪನ ಕುಡಿತ, ಅಮ್ಮ ಬಿಟ್ಟುಹೋದ ಕಥೆ ಎಲ್ಲವನ್ನೂ ಬಣ್ಣದ ಕಾಗದದಲ್ಲಿ ಅಚ್ಚು ಮಾಡಿ ಅಂಚೆಯಲ್ಲಿ ಕಳಿಸಿತು. ಆ ಹುಡುಗಿ ನಾಳೆ ದೊಡ್ಡವಳಾಗಿ ಇದನ್ನು ಓದಿದರೆ? ಅವಳ ತರಗತಿಯವರು ಇಂದೇ ಓದಿದರೆ? ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ಬಯಲಾಗುವಂತೆ ಹೆಸರು, ಶಾಲೆ, ಚಿತ್ರ ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸಿದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾನು ಪತ್ರ ಬರೆದು ಕೇಳಿದೆ. ‘ದಾನಿಗಳು ಮುಖ ನೋಡಲು ಬಯಸುತ್ತಾರೆ ಮೇಡಂ’ ಎಂಬ ಉತ್ತರ ಬಂತು. ಅಂದೇ ಹಣ ನಿಲ್ಲಿಸಿದೆ, ಏಕೆ ನಿಲ್ಲಿಸಿದೆ ಎಂಬುದನ್ನೂ ಬರೆದು ತಿಳಿಸಿದೆ. ನೀವು ದಾನಿಗಳಾಗಿದ್ದರೆ ಮುಖ ಕೇಳಬೇಡಿ. ಎಷ್ಟು ಮಕ್ಕಳ ತೂಕ ಏರಿತು, ಎಷ್ಟು ಮಕ್ಕಳು ಮನೆ ಸೇರಿದರು, ಸೇರಿದವರಲ್ಲಿ ಎಷ್ಟು ಮಂದಿ ಮನೆಯಲ್ಲಿಯೇ ಉಳಿದರು ಎಂದು ಕೇಳಿ.

ಹಣದ ವ್ಯವಹಾರದ ಬಗ್ಗೆ ಸ್ವಲ್ಪ. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ, 80ಜಿ ಎಂದು ಹೆಸರಾದ, ದಾನಕ್ಕಿರುವ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಆ ರಿಯಾಯಿತಿಯೇ ಇಲ್ಲ, ಆದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಅವಸರಪಡಿಸುವವರ ಮಾತಿಗೆ ಸಿಲುಕಬೇಡಿ. ಕಾರ್ಯಕರ್ತೆಯರ ಸಂಬಳಕ್ಕೆ ಹಣ ಬೇಡ, ಮಕ್ಕಳಿಗೇ ನೇರವಾಗಿ ಹೋಗಲಿ ಎಂದು ಷರತ್ತು ಹಾಕುವವರು ನಮ್ಮಲ್ಲಿ ತುಂಬ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೇಲೇಕೇರಿಯ ಹುಡುಗನ ಹಾಜರಿ ವಿಚಾರಿಸಿದ ಆ ಹೆಣ್ಣುಮಗಳ ಸಂಬಳವೂ ಮಗುವಿಗೆ ಹೋದ ಹಣವೇ. ಮತ್ತೆ, ವರ್ಷಕ್ಕೊಮ್ಮೆ ಮಾರ್ಚ್ ಕೊನೆಯಲ್ಲಿ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳಿಗೆ ಐದುನೂರು ಕೊಡುವುದು ಒಳ್ಳೆಯದು. ವರ್ತೂರಿನ ಕೇಂದ್ರದವರು ಬೇಳೆ, ಮೊಟ್ಟೆ ಕೊಳ್ಳುವುದು ವಾರವಾರ. ಕಟ್ಟಡ ಬದಲಾದಾಗ ಶೆಡ್ಡು ಕಿತ್ತು ಹೊಸ ಜಾಗದಲ್ಲಿ ಕಟ್ಟುವ ಹದಿನೈದು ಇಪ್ಪತ್ತು ದಿನಗಳು ಅವರಿಗೆ ತುಂಬ ಕಷ್ಟದವು. ಆಗಲೂ ಆಯಾಗಳಿಗೆ ಸಂಬಳ ಕೊಡಬೇಕು. ಈ ವರ್ಷ ನನ್ನ ಹಣ ಅದಕ್ಕೆ.