ಹುಬ್ಬಳ್ಳಿಯಲ್ಲಿ ‘ಸೆಲ್ಲಾರ್ ವೈನ್’ ಕೊಳ್ಳುವವರು ಇದನ್ನು ಓದಿ

ಹುಬ್ಬಳ್ಳಿ-ಧಾರವಾಡದಲ್ಲಿ ಯಾರಾದರೂ ಟೇಸ್ಟಿಂಗಿಗೆ ಕರೆದು, "ನಮ್ಮದೇ ಸೆಲ್ಲಾರ್‌ನಲ್ಲಿ (ವೈನ್ ಇಡುವ ತಂಪು ಕೋಣೆಯಲ್ಲಿ) ಇಟ್ಟ ಹಳೇ ರೆಡ್ ವೈನ್" ಅಂತ ಮಾರಲು ಬಂದರೆ ದುಡ್ಡು ಬಿಚ್ಚಬೇಡಿ. ಬಿಚ್ಚಲೇಬೇಡಿ. ನನಗೆ ಆರು ಬಾಟಲಿಯ ಟೋಪಿ ಬಿದ್ದಿದೆ.

ಟೇಸ್ಟಿಂಗ್ ದಿನ ಕುಡಿಸಿದ್ದು ನಿಜಕ್ಕೂ ಚೆನ್ನಾಗಿತ್ತು, ಸಿಟ್ಟು ಬರುವುದೇ ಅದಕ್ಕೆ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ವೈನ್, 2010ರದ್ದು. ಬೋರ್ಡೋಗೆ ಅದು ಬಲು ಒಳ್ಳೆ ವರ್ಷ ಅಂತ ಬಲ್ಲವರೆಲ್ಲ ಹೇಳುತ್ತಾರೆ. ಡಿಕ್ಯಾಂಟರ್ ಅನ್ನುವ ಗಾಜಿನ ಹೂಜಿಗೆ ಸುರಿದು, ಗಾಳಿಯಾಡಲು ಬಿಟ್ಟು ಕೊಟ್ಟರು. ಒಗರು ಮೆತ್ತಗಾಗಿತ್ತು, ನುಂಗಿದ ಮೇಲೂ ರುಚಿ ಬಾಯಲ್ಲೇ ನಿಂತಿತ್ತು. "ಹದಿಮೂರು ಡಿಗ್ರಿಯೊಳಗ ಮಲಗಿಸಿ ಇಟ್ಟೀವ್ರಿ ಸರ" ಅಂದರು. ಬಿಲ್ ಕೇಳಿದೆ. "ಮಾಲಿನ ಜೋಡಿ ಕಳಸ್ತೀವ್ರಿ." ಮಾಲು ಬಂತು, ಬಿಲ್ ಬರಲಿಲ್ಲ.

ಮಾಲು ಬಂದದ್ದು ಬೆಳಿಗ್ಗೆ. ಸಂಜೆ ಪುಣೆಯ ಭಾವ, ನಾಲ್ಕು ಜನ ಸ್ನೇಹಿತರು ಕೂತಿದ್ದರು. ಬೋರ್ಡೋ, ಬೋರ್ಡೋ ಅಂತ ನಾನು ಮೊದಲೇ ಹೇಳಿಟ್ಟಿದ್ದೆ. ಬಾಟಲಿಯ ಕತ್ತಿನ ಹೊದಿಕೆ ಸುಲಿದರೆ ಒಳಗೆಲ್ಲ ಅಂಟು, ಕೆಂಪು ಕಲೆ. ಕಾರ್ಕ್ ಬಾಯಿಂದ ಮೇಲೆದ್ದು ನಿಂತಿತ್ತು. ಸುರಿದರೆ ಪೂರ್ತಿ ಕಂದು. ಹಳೇ ರೆಡ್ ವೈನ್‌ಗೆ ಅಂಚಿನಲ್ಲಿ ಇಟ್ಟಿಗೆ ಬಣ್ಣ ಬರುತ್ತದೆ, ತಳದಲ್ಲಿ ಗಸಿ ಇರುತ್ತದೆ, ಅದೆಲ್ಲ ಗೊತ್ತು ನನಗೆ. ಇದು ಅದಲ್ಲ. ವಿನಿಗರ್ ವಾಸನೆ! ಭಾವ ಒಂದು ಗುಟುಕು ಕುಡಿದು, "ಏನಪಾ, ಹುಣಸೆಹಣ್ಣಿನ ಸಾರು ಕುಡಸ್ಲಿಕತ್ತಿ?" ಅಂದರು. ಎಲ್ಲರೂ ನಕ್ಕರು. ಇನ್ನೊಂದು ತೆಗೆದೆ. ಅದೂ ಅದೇ.

ಫೋನ್ ಮಾಡಿದೆ.

"ಹಳೇ ವೈನ್ ಹಂಗ ಇರ್ತದ್ರಿ ಸರ."

ಕಾರ್ಕ್ ಮೇಲೆ ಬಂದಿದೆಯಲ್ಲ ಅಂದೆ.

"ನೀವ ಬಿಸಿಲಿಗೆ ಇಟ್ಟಿರಬೇಕ್ರಿ."

ಬೆಳಿಗ್ಗೆ ಕೊಟ್ಟು ಹೋದ ಮಾಲು, ಸ್ವಾಮಿ! ನೆರಳಲ್ಲೇ ಇತ್ತು!

"ಅವತ್ತ ನಿಮಗ ಸೇರಿತ್ತಲ್ರಿ? ಅದ ವೈನ್ ಇದು. ನಿಮಗಿನ್ನೂ ರೂಢಿ ಇಲ್ಲ, ಅಷ್ಟ."

ರೂಢಿ ಇಲ್ಲವಂತೆ ನನಗೆ.

ಮರುದಿನ ಅವರ ಸೆಲ್ಲಾರ್ ನೋಡಲು ಹೋದೆ. ಗೋಕುಲ ರೋಡ್ ಕಡೆ ಮಾಳಿಗೆ ಮೇಲೆ ತಗಡು ಹೊದಿಸಿದ ಕೋಣೆ. ಏಪ್ರಿಲ್ ತಿಂಗಳು, ಒಳಗೆ ನಿಲ್ಲಲಿಕ್ಕೆ ಆಗುತ್ತಿರಲಿಲ್ಲ. ಬಾಟಲಿಗಳೆಲ್ಲ ನೆಟ್ಟಗೆ ನಿಂತಿದ್ದವು. ಕೇಳಿದರೆ ಹುಡುಗ, "ರಾತ್ರಿ ಏಸಿ ಹಾಕ್ತೀವ್ರಿ" ಅಂದ. ಅದು ಇನ್ನೂ ಕೆಟ್ಟದ್ದು! ಬಿಸಿಗೆ ವೈನ್ ಹಿಗ್ಗಿ ಕಾರ್ಕನ್ನು ಮೇಲೆ ತಳ್ಳುತ್ತದೆ, ತಂಪಾದಾಗ ಕುಗ್ಗಿ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ದಿನಾ ಹೀಗಾದರೆ ಎಂಥ ಬೋರ್ಡೋ ಆದರೂ ಉಳಿಯುವುದಿಲ್ಲ. ನೆಟ್ಟಗೆ ವರ್ಷಗಟ್ಟಲೆ ನಿಲ್ಲಿಸಿದರೆ ಕಾರ್ಕ್ ಒಣಗುತ್ತದೆ, ಅದು ಬೇರೆ. ನಮಗೆ ಕುಡಿಸಿದ ಬಾಟಲಿ ಈ ಕೋಣೆಯದ್ದಲ್ಲ. ಎಲ್ಲಿಯದೋ, ಅವರೇ ಬಲ್ಲರು.

ದುಡ್ಡು ವಾಪಸ್ ಕೇಳಿದರೆ, "ಬಿಲ್ ತಗೊಂಡ ಬರ್ರಿ ಸರ, ನೋಡೋಣಂತ." ಬಿಲ್! ಅವರೇ ಕೊಡದ ಬಿಲ್!

ಕೊಳ್ಳಲೇಬೇಕು ಅಂದರೆ ನಿಮಗೆ ಕೊಡುವ ಪೆಟ್ಟಿಗೆಯಿಂದಲೇ ಒಂದು ಬಾಟಲಿ ನಿಮ್ಮೆದುರು ತೆಗೆಸಿ. ಕತ್ತಿನ ಮೇಲೆ ಬೆರಳಾಡಿಸಿ, ಕಾರ್ಕ್ ಉಬ್ಬಿದ್ದರೆ ಅಲ್ಲೇ ಬಿಡಿ. ವೈನ್ ಕತ್ತಿನಿಂದ ಕೆಳಗಿಳಿದಿದ್ದರೂ ಬೇಡ. ಬಾಟಲಿ ಮೇಲಿನ ಆಮದು ಮಾಡಿದವರ ಚೀಟಿ ಓದಿ. ದುಡ್ಡು ಕೊಡುವಾಗಲೇ ಬಿಲ್, ನಾಳೆ ಅಂದರೆ ಎದ್ದು ಬನ್ನಿ. ಇನ್ನೊಂದು, ಹಳೇದಾದಷ್ಟೂ ಚೆನ್ನ ಅನ್ನುವುದು ಸುಮ್ನೆ ಮಾತು. ಹೆಚ್ಚಿನ ರೆಡ್ ವೈನ್ ಕೆಲವೇ ವರ್ಷಗಳಲ್ಲಿ ಕುಡಿಯಲಿಕ್ಕೆ ಮಾಡಿದ್ದು, ಇಟ್ಟು ಕಾಯಲಿಕ್ಕಲ್ಲ.

ತಿಂಗಳ ಕೊನೆಗೆ ಮತ್ತೆ ಟೇಸ್ಟಿಂಗ್ ಅಂತ ನನಗೇ ಮೆಸೇಜ್ ಕಳಿಸಿದ್ದಾರೆ, ನಾಚಿಕೆ ಇಲ್ಲದವರು. ಹೋಗುವವರು ಹೋಗಿ, ಕೊಟ್ಟದ್ದು ಕುಡಿದು ಬನ್ನಿ. ಬಾಟಲಿ ಮಾತ್ರ ತರಬೇಡಿ.