ವಾರ್ಡಿಗೆ ನರ್ಸ್‌ಗಳು ಸಾಲದಿದ್ದರೆ: ಮೇಡಂ ಬಳಿಗೋ, ಶಾಸಕರ ಬಳಿಗೋ?

ಮಂಡ್ಯದ ಗೆಳತಿಯರು ಕೇಳುತ್ತಿರುತ್ತಾರೆ: ಆಸ್ಪತ್ರೆಯೊಳಗೇ ಕೇಳೋಣವೋ, ಕಾನೂನಿಗಾಗಿ ಹೋರಾಡೋಣವೋ?

ಒಳಗಿನ ದಾರಿ ಬೇಗ ಫಲ ಕೊಡುತ್ತದೆ. ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಮುಂದೆ ತಿಂಗಳ ರೋಸ್ಟರ್ ಇಟ್ಟರೆ ಒಂದೆರಡು ಕೈ ಹೆಚ್ಚಿಗೆ ಸಿಗಬಹುದು. ಮೇಡಂ ವರ್ಗವಾದರೆ ಮತ್ತೆ ಮೊದಲಿನಿಂದ.

ಕಾನೂನಿನ ದಾರಿ ದೂರ, ಆದರೆ ಗಟ್ಟಿ. ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಎಂಬ ಮಿತಿಗಾಗಿ ಕ್ಯಾಲಿಫೋರ್ನಿಯಾದ ನರ್ಸ್‌ಗಳು ಪಟ್ಟು ಹಿಡಿದು 1999ರಲ್ಲಿ ಕಾಯ್ದೆ ಮಾಡಿಸಿದರು. ಆ ಮಿತಿಗಳು ಜಾರಿಗೆ ಬಂದದ್ದು 2004ರಲ್ಲಿ. ಅಲ್ಲಿ ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ವಹಿಸುವಂತಿಲ್ಲ, ರಾತ್ರಿಯೂ ಸೇರಿ. ನಮ್ಮಲ್ಲೂ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡವಿದೆ: ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ (1:3), ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು (1:5).

ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಒಂದು ರಾತ್ರಿ ನಾನೊಬ್ಬಳೇ ಇದ್ದೆ. ಒಬ್ಬರಿಗೆ ಇಂಜೆಕ್ಷನ್ ಕೊಡುವಷ್ಟರಲ್ಲಿ ಮೂಲೆಯ ಬೆಡ್‌ನಲ್ಲಿ ಡ್ರಿಪ್ ಮುಗಿದು, ನಳಿಕೆಯಲ್ಲಿ ರಕ್ತ ಹಿಂದಕ್ಕೆ ಏರಿತ್ತು. ಅಜ್ಜಿ ಕೂಗಲೂ ಇಲ್ಲ, "ನಿಂಗೆ ಕೆಲಸ ಇತ್ತಲ್ಲವ್ವಾ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಹೊಸಬರಾದರೆ, ಕಾಂಟ್ರಾಕ್ಟ್ ಮೇಲಿದ್ದರೆ ಮೇಡಂ ಬಳಿಯೇ ಮೊದಲು ಹೋಗಿ. ಒಬ್ಬರೇ ಬೇಡ, ನಾಲ್ವರು ಸೇರಿ. ಕಾಯಂ ಹುದ್ದೆಯವರು ಸಂಘದ ಮೂಲಕ ಕಾನೂನನ್ನೇ ಕೇಳಿ. ಪ್ರತಿ ಪಾಳಿಯ ರೋಗಿಗಳ ಸಂಖ್ಯೆಯನ್ನು ಇವತ್ತಿನಿಂದಲೇ ಬರೆದಿಡಿ, ರೋಗಿಗಳ ಹೆಸರು ಮಾತ್ರ ಬೇಡ. ಎರಡೂ ಬಾಗಿಲಲ್ಲಿ ತೋರಿಸಬೇಕಾದ್ದು ಅದೇ ಹಾಳೆ.