ಓದುಗರಿಗೆ ಮೊದಲು ಕಾಣುವುದು ಯಾವ ಆವೃತ್ತಿ: ಫ್ಲ್ಯಾಗ್ಡ್‌ರೆವ್ಸ್ ಬಳಸಿದ ನಾಲ್ಕು ವರ್ಷ

ವಿಕಿಪೀಡಿಯದಂಥ, ಓದುಗರೇ ಬರೆದು ತಿದ್ದಬಹುದಾದ ವಿಕಿ ತಾಣಗಳನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶಕ್ಕೆ ಜೋಡಿಸುವ ಫ್ಲ್ಯಾಗ್ಡ್‌ರೆವ್ಸ್ ಎಂಬ ಎಕ್ಸ್‌ಟೆನ್ಷನ್ನನ್ನು ನಾವು ಕೆಲವರು ನಡೆಸುವ ಸಣ್ಣ ವಿಕಿಯಲ್ಲಿ ನಾಲ್ಕು ವರ್ಷಗಳಿಂದ ಬಳಸುತ್ತಿದ್ದೇವೆ. ಹೊಸ ಸಂಪಾದನೆಯನ್ನು ಪರಿಶೀಲಕರೊಬ್ಬರು ನೋಡಿ ಒಪ್ಪುವವರೆಗೆ ಓದುಗರಿಗೆ ಹಿಂದಿನ ಪರಿಶೀಲಿತ ಆವೃತ್ತಿಯನ್ನೇ ತೋರಿಸುವುದಕ್ಕೆ ಇದು ಹೆಸರಾಗಿದೆ. ಆದರೆ ಪರಿಶೀಲನೆಯ ಗುರುತು ಹಾಕುವುದೂ ಆ ಆವೃತ್ತಿಯನ್ನೇ ಮುಂದಿಡುವುದೂ ಬೇರೆಬೇರೆ ಸೆಟ್ಟಿಂಗ್‌ಗಳು ಎಂಬುದು ನನಗೆ ಮನವರಿಕೆಯಾಗಲು ಒಂದು ವರ್ಷವೇ ಹಿಡಿಯಿತು.

ಮೊದಲ ವರ್ಷ ನಾವು ಇಡೀ ವಿಕಿಗೆ ಪರಿಶೀಲಿತ ಆವೃತ್ತಿಯನ್ನೇ ಮುಂದಿಟ್ಟೆವು. ಜರ್ಮನ್ ವಿಕಿಪೀಡಿಯ 2008ರಿಂದ ಅನುಸರಿಸುತ್ತಿರುವ ಕ್ರಮವದು. ಅಲ್ಲಿ ಪರಿಶೀಲಿಸುವವರ ದೊಡ್ಡ ಪಡೆಯೇ ಇದೆ, ನಮ್ಮಲ್ಲಿದ್ದವರು ಮೂವರು. ಪರಿಶೀಲನೆಗೆ ಕಾದ ಸಂಪಾದನೆಗಳ ಸರದಿ ಬೆಳೆಯಿತು. ತಪ್ಪೊಂದನ್ನು ಕಂಡ ಓದುಗರು ತಿದ್ದಲೆಂದು ಸಂಪಾದನೆಯ ಪೆಟ್ಟಿಗೆ ತೆರೆದರೆ ಅಲ್ಲಿ ಆ ತಪ್ಪೇ ಇರುತ್ತಿರಲಿಲ್ಲ, ಏಕೆಂದರೆ ಪೆಟ್ಟಿಗೆಯಲ್ಲಿ ತೆರೆದುಕೊಳ್ಳುವುದು ಇತ್ತೀಚಿನ ಪಠ್ಯ, ಪುಟದಲ್ಲಿ ಕಾಣುವುದು ಹಳೆಯದು. ಬೇರೆ ಯಾರೋ ತಿಂಗಳ ಹಿಂದೆಯೇ ಅದನ್ನು ಸರಿಪಡಿಸಿರುತ್ತಿದ್ದರು. ಸಾಲದ್ದಕ್ಕೆ, ಬಾಕಿ ಉಳಿದ ಸಂಪಾದನೆಯ ಮೇಲೆ ಪರಿಶೀಲಕರೇ ಏನಾದರೂ ಬರೆದರೂ ಅದು ತಾನಾಗಿ ಪರಿಶೀಲಿತವಾಗುವುದಿಲ್ಲ. ಕೆಳಗಿನದನ್ನು ಒಪ್ಪದೆ ಮೇಲಿನದನ್ನು ಒಪ್ಪಿದಂತಾಗಬಾರದು ಎಂಬ ತರ್ಕ ಸರಿಯಾದದ್ದೇ, ಆದರೆ ಸರದಿಯ ಗಂಟು ಇನ್ನಷ್ಟು ಬಿಗಿಯಾಗುತ್ತದೆ.

ಎರಡನೆಯ ವರ್ಷದಿಂದ ಇತ್ತೀಚಿನ ಆವೃತ್ತಿಯನ್ನೇ ಸಾಮಾನ್ಯ ಕ್ರಮವಾಗಿಸಿ, ಆಯ್ದ ಪುಟಗಳಿಗೆ ಮಾತ್ರ ಪರಿಶೀಲಿತ ಆವೃತ್ತಿಯನ್ನು ನಿಗದಿಮಾಡಿದೆವು. ಇಂಗ್ಲಿಷ್ ವಿಕಿಪೀಡಿಯ 2010ರಲ್ಲಿ ಪ್ರಯೋಗಿಸಿ 2012ರ ಡಿಸೆಂಬರಿನಲ್ಲಿ ಮತ್ತೆ ಜಾರಿಗೆ ತಂದ ಪದ್ಧತಿಯೂ ಹೆಚ್ಚುಕಡಿಮೆ ಇದೇ. ನಿರ್ವಾಹಕರು ಪುಟಪುಟಕ್ಕೂ ಈ ಆಯ್ಕೆ ಮಾಡಬಹುದು, ಅದಕ್ಕೆ ಅವಧಿಯನ್ನೂ ಗೊತ್ತುಪಡಿಸಬಹುದು. ಓದಿದವರು ಅದರಂತೆಯೇ ನಡೆದುಕೊಳ್ಳುವ ಸುರಕ್ಷತಾ ಸೂಚನೆಗಳಂಥ ಪುಟಗಳಿಗೆ ಹಳೆಯ ಆದರೆ ನೋಡಿದ ಪಠ್ಯವೇ ಲೇಸು. ಬೇಗ ಬದಲಾಗುವ ಮಾಹಿತಿಗೆ ಅದೇ ಕ್ರಮ ಹಾನಿಕರ. ಉಳಿದ ಪುಟಗಳಲ್ಲಿ ಕಿಡಿಗೇಡಿ ಬರಹ ಆಗಾಗ ಕೆಲವು ಗಂಟೆ ಕಾಣಿಸಿಕೊಳ್ಳುತ್ತದೆ, ಅದನ್ನು ನಾನು ಒಪ್ಪಿಕೊಂಡಿದ್ದೇನೆ.

ಟೆಂಪ್ಲೇಟುಗಳ, ಅಂದರೆ ಒಮ್ಮೆ ಬರೆದು ಹಲವು ಪುಟಗಳೊಳಗೆ ಸೇರಿಸಿಕೊಳ್ಳುವ ಸಿದ್ಧ ತುಣುಕುಗಳ, ವಿಷಯದಲ್ಲಿ ಎಚ್ಚರವಿರಲಿ. ಪರಿಶೀಲಿತ ಪುಟದೊಳಗೆ ಟೆಂಪ್ಲೇಟಿನ ಯಾವ ಆವೃತ್ತಿ ಬರಬೇಕೆಂಬುದಕ್ಕೆ ಪ್ರತ್ಯೇಕ ಸೆಟ್ಟಿಂಗ್ ಇದೆ. ನಾವು ಅದನ್ನು ಗಮನಿಸದ ಕಾರಣ ಒಂದೇ ಟೆಂಪ್ಲೇಟಿನ ತಪ್ಪು ಹತ್ತಾರು ಪರಿಶೀಲಿತ ಪುಟಗಳನ್ನು ಕೆಡಿಸಿತು.

ಲಾಗಿನ್ ಆದವರು ತಮಗೆ ಯಾವ ಆವೃತ್ತಿ ಕಾಣಬೇಕೆಂದು ತಾವೇ ಆರಿಸಿಕೊಳ್ಳಬಹುದು. ನಾನು ಯಾವಾಗಲೂ ಇತ್ತೀಚಿನದನ್ನೇ ಆರಿಸಿಕೊಂಡಿದ್ದರಿಂದ ಓದುಗರ ಮುಂದಿರುವುದೇನೆಂದು ತಿಂಗಳುಗಟ್ಟಲೆ ನೋಡಿರಲೇ ಇಲ್ಲ. ಈಗ ವಾರಕ್ಕೊಮ್ಮೆ ಲಾಗ್‌ಔಟ್ ಆಗಿ ಪುಟಗಳನ್ನು ತೆರೆದು ನೋಡುತ್ತೇನೆ.